ಕೊನೇ ಗುಟುಕು ಯಾವಾಗ ಕುಡಿದದ್ದು?

ಬಾಗಲಕೋಟೆ ಸೀಮೆಯಿಂದ ಕುಡಿತ ಬಿಡಿಸುವ ಆಪ್ತಸಮಾಲೋಚನೆಯ ಕೆಲಸಕ್ಕೆ ಬರಬೇಕೆನ್ನುವವರಿಗೆ ಹತ್ತಿರದ ದಾರಿ ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ), ವಿಶೇಷ ವಿಷಯವಾಗಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ತಗೊಳ್ಳಿ. ಮನಃಶಾಸ್ತ್ರದ ಎಂ.ಎ. ಕೂಡ ನಡೆಯುತ್ತದೆ. ಕ್ಷೇತ್ರಕಾರ್ಯಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಸಿಕ್ಕರೆ ಬಿಡಬೇಡಿ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬೋರ್ಡು ಹಾಕಲು ಮಾತ್ರ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಆನ್‌ಲೈನ್ ಸರ್ಟಿಫಿಕೇಟು ಸಾಲದು.

ಪದವಿ ಕಲಿಸದೇ ಇರುವುದು ಕುಡಿತದ ಲೆಕ್ಕ ಹಿಡಿಯುವುದು. ನಾನು ಬಳಸುವುದು ಕುಡಿತದ ಅಪಾಯ ಅಳೆಯುವ ‘ಆಡಿಟ್’ ಪ್ರಶ್ನಾವಳಿ: 10 ಪ್ರಶ್ನೆ, 40 ಅಂಕ. 8 ಅಥವಾ ಹೆಚ್ಚು ಬಂದರೆ ಅಪಾಯದ ಕುಡಿತ, 20 ಅಥವಾ ಹೆಚ್ಚು ಬಂದರೆ ಅವಲಂಬನೆಯ ಶಂಕೆ. ಎಡವುವುದು ಕುಡಿಯುವ ದಿನ ಎಷ್ಟು ಎಂಬ ಎರಡನೇ ಪ್ರಶ್ನೆಯಲ್ಲಿ. “ದಿನಾ ಎಷ್ಟ್ ಆಗ್ತೈತ್ರಿ?” ಎಂದರೆ “ಎರಡ ಪಾಕೀಟ್ರಿ” ಅನ್ನುತ್ತಾರೆ. 2 ಎಂದು ಬರೆದರೆ ಅಂಕ ಸೊನ್ನೆ. ಆದರೆ 90 ಎಂ.ಎಲ್. ವಿಸ್ಕಿ ಪಾಕೀಟಿನಲ್ಲಿ ಸುಮಾರು 30 ಗ್ರಾಂ ಆಲ್ಕೋಹಾಲ್ ಇರುತ್ತದೆ, ಅಂದರೆ 10 ಗ್ರಾಂಗೆ ಒಂದರಂತೆ ಮೂರು ಯೂನಿಟ್; ಎಣಿಸಬೇಕಾದ್ದು ಪಾಕೀಟನ್ನಲ್ಲ, ಯೂನಿಟ್ಟನ್ನು. ಎರಡು ಪಾಕೀಟಿಗೆ ಆರು, ಅಂಕ 2.

ಅದಕ್ಕೂ ಮೊದಲು ಕೇಳುವುದು ಕೊನೇ ಗುಟುಕಿನ ಹೊತ್ತು. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ಬಿಟ್ಟರೆ ಆರೆಂಟು ತಾಸಿಗೆ ಕೈನಡುಕ, ಬೆವರು ಶುರುವಾಗುತ್ತವೆ. 48 ತಾಸಿನೊಳಗೆ ಫಿಟ್ಸ್ ಬರಬಹುದು, ಎರಡು–ನಾಲ್ಕನೇ ದಿನ ಸನ್ನಿ ಹಿಡಿದು ಜೀವಕ್ಕೇ ಕುತ್ತಾಗಬಹುದು. ಹೊಸಬರು ತಪ್ಪುವುದು ಇಲ್ಲೇ: “ಇವತ್ತಿಂದಲೇ ಬಿಟ್ಟುಬಿಡಿ” ಎಂದು ಉಪದೇಶಿಸಿ ಮನೆಗೆ ಕಳಿಸುತ್ತಾರೆ. ಕೈ ಮುಂದೆ ಚಾಚಿಸಿ, ಬೆರಳು ಬಿಡಿಸಿ ನೋಡಿ. ನಡುಗುತ್ತಿದ್ದರೆ ಮೊದಲು ಡಾಕ್ಟರು, ಮಾತುಕತೆ ಆಮೇಲೆ.

ಮನೆಯವರನ್ನು ಬೇರೆ ಕೂರಿಸಿ ಇನ್ನೊಂದು ಕೇಳಬೇಕು: ಸಾರಿನಲ್ಲಿ ಗುಳಿಗೆ ಕಲಸುತ್ತಿದ್ದೀರಾ? ಸಾಮಾನ್ಯವಾಗಿ ಅದು ಡೈಸಲ್ಫಿರಾಮ್, ಕುಡಿತ ಬಿಡಿಸಲು ಕೊಡುವ ಔಷಧ. ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಬಿ.ಪಿ. ಕುಸಿದು ಬೀಳುತ್ತಾನೆ. ಬಯ್ಯಬೇಡಿ, ಬೇಸತ್ತವರು ಅವರು. ನಿಲ್ಲಿಸಲು ಹೇಳಿ, ಡಾಕ್ಟರಿಗೆ ತಿಳಿಸಿ.

“ಬನಶಂಕರಿ ಆಣಿ ಮಾಡಸ್ರಿ” ಎಂದು ಗೋಗರೆಯುತ್ತಾರೆ. ನಾನು ಮಾಡಿಸುವುದಿಲ್ಲ. ಆಣೆ ಮುರಿದವನು ನಾಚಿಕೆಗೆ ಮತ್ತೆ ನಮ್ಮ ಬಾಗಿಲಿಗೇ ಬರುವುದಿಲ್ಲ, ಒಂದು ದಿನದ ಜಾರು ತಿಂಗಳ ಕುಡಿತವಾಗುತ್ತದೆ. ಬದಲಿಗೆ ಕುಡಿಯುವುದು ಯಾವ ದಿನ, ಯಾರ ಜೊತೆ ಎಂದು ಚೀಟಿ ಬರೆಸುತ್ತೇನೆ. ಹೆಚ್ಚಾಗಿ ಪಗಾರ ಮತ್ತು ಸಂತೆಯ ದಿನಗಳೇ ಬರುತ್ತವೆ. ಮುಂದಿನ ಭೇಟಿಯನ್ನು ಅದರ ಹಿಂದಿನ ದಿನಕ್ಕೆ ಇಡುತ್ತೇನೆ. ರಾತ್ರಿ ಚಡಪಡಿಕೆಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಹಚ್ಚಲು ಹೇಳಿರುತ್ತೇನೆ, ಕನ್ನಡದಲ್ಲೇ ಮಾತಾಡುತ್ತಾರೆ.