ಲೋಳೆಯ ಎಳೆ ಯಾಕೆ ಬೇಗ ಕಡಿಯಲ್ಲ? ಮೊಬೈಲಲ್ಲೇ ಅಳೆಯೋದು ಹೀಗೆ

ಜೇನುತುಪ್ಪ ಎಳೆ ಬಿಡೋದು ಅದು ಮಂದ ಇರೋದಕ್ಕೆ. ಆದ್ರೆ ದಾಸವಾಳದ ಸೊಪ್ಪಿನ ಲೋಳೆ ನೀರು ನೀರಾಗಿದ್ರೂ ಎಳೆ ಬಿಡತ್ತಲ್ಲ, ಅದಕ್ಕೆ ಕಾರಣನೇ ಬೇರೆ, ಅದ್ರಲ್ಲಿರೋ ಪಾಲಿಮರ್, ಅಂದ್ರೆ ಉದ್ದುದ್ದ ಅಣುಗಳ ಸರಪಳಿ. ಯಾವ ದ್ರವದ ಎಳೆ ಆದ್ರೂ ಸರ್ಫೇಸ್ ಟೆನ್ಷನ್, ಅಂದ್ರೆ ದ್ರವದ ಮೇಲ್ಮೈನ ಕುಗ್ಗಿಸೋ ಬಲ, ಅದನ್ನ ಹಿಂಡಿ ಹನಿ ಮಾಡೋಕೆ ನೋಡತ್ತೆ, ಪ್ಲಾಟೋ ಮತ್ತೆ ರೇಲಿ ಅನ್ನೋ ವಿಜ್ಞಾನಿಗಳು 19ನೇ ಶತಮಾನದಲ್ಲೇ ಇದನ್ನ ವಿವರಿಸಿದ್ರು. ಬರೀ ನೀರಾದ್ರೆ ತಕ್ಷಣ ಕಡಿಯತ್ತೆ. ಪಾಲಿಮರ್ ಇದ್ರೆ ಎಳೆ ಸಣ್ಣ ಆಗ್ತಾ ಮುದುಡಿಕೊಂಡಿದ್ದ ಸರಪಳಿಗಳು ಬಿಚ್ಕೊಂಡು ಸೆಟೆದು ನಿಲ್ತವೆ, ಆ ಹಿಂಡೋ ಬಲಕ್ಕೆ ಎದುರು ಜಗ್ತವೆ.

ಒಂದು ಹಿಡಿ ಸೊಪ್ಪು ತೊಳೆದು ಒಂದು ಲೋಟ ನೀರಲ್ಲಿ ಅರ್ಧ ಗಂಟೆ ನೆನೆಸಿ, ಕೈಯಲ್ಲೇ ಕಿವುಚಿ. ಮಿಕ್ಸಿಗೆ ಮಾತ್ರ ಹಾಕ್ಬೇಡಿ, ಆ ರಭಸಕ್ಕೆ ಉದ್ದದ ಸರಪಳಿಗಳು ತುಂಡಾಗೋ ಸಾಧ್ಯತೆ ಇದೆ. ತೆಳು ಬಟ್ಟೇಲಿ ಸೋಸಿ, ನೊರೆ ಇಳಿಯೋವರೆಗೂ ಬಿಡಿ.

ಒಂದು ನಾಣ್ಯದ ಮೇಲೆ ಒಂದು ಹನಿ ಹಾಕಿ, ಪೆನ್ಸಿಲ್‌ನ ಚಪ್ಪಟೆ ತುದಿ ಅದಕ್ಕೆ ತಾಗಿಸಿ, ಸರಕ್ಕನೆ ಒಂದು ಸೆಂಟಿಮೀಟರ್‌ನಷ್ಟು ಎತ್ತಿ ಅಲ್ಲೇ ನಿಲ್ಲಿಸಿ. ಈ ನಿಲ್ಲಿಸೋದೇ ಮುಖ್ಯ, ಕೈ ಎತ್ತುತ್ತಾನೇ ಇದ್ರೆ ಎಳೆ ತಾನಾಗಿ ಸಣ್ಣ ಆಗ್ತಿದೆಯೋ ಇಲ್ಲಾ ನೀವು ಎಳೆದಿದ್ದಕ್ಕೋ ಗೊತ್ತಾಗಲ್ಲ. ಫೋನ್ ಸ್ಲೋ ಮೋಷನ್‌ನಲ್ಲಿ ಇರ್ಲಿ, ಸೆಕೆಂಡಿಗೆ 240 ಫ್ರೇಮ್ ಸಾಕು. ಹಿಂದೆ ಕಿಟಕಿ ಬೆಳಕು, ಮಧ್ಯೆ ಒಂದು ಬಿಳಿ ಹಾಳೆ. ಮನೆ ಲೈಟ್ ಬೇಡ, ಸ್ಲೋ ಮೋಷನ್‌ನಲ್ಲಿ ಮಿಣುಕಬಹುದು. ಫ್ಯಾನ್ ಆಫ್ ಮಾಡಿ.

ಈಗ ಒಂದೊಂದೇ ಫ್ರೇಮ್ ನೋಡ್ತಾ ಎಳೆಯ ದಪ್ಪ ಅರ್ಧ ಆಗೋಕೆ ಎಷ್ಟು ಫ್ರೇಮ್ ಬೇಕಾಯ್ತು ಎಣಿಸಿ, ಆಮೇಲೆ ಆ ಅರ್ಧದ ಅರ್ಧ ಆಗೋಕೆ ಎಷ್ಟು ಅಂತಾನೂ. ಎರಡೂ ಹೆಚ್ಚುಕಮ್ಮಿ ಒಂದೇ ಬಂದ್ರೆ ಅದು ಪಾಲಿಮರ್‌ನ ಗುರುತು. ಜೇನುತುಪ್ಪದಲ್ಲಿ ಹಾಗಾಗಲ್ಲ, ಅಲ್ಲಿ ಎಳೆ ಒಂದೇ ವೇಗದಲ್ಲಿ ಸಣ್ಣ ಆಗ್ತಾ ಹೋಗತ್ತೆ, ಹಾಗಾಗಿ ಎರಡನೇ ಸಲ ಅರ್ಧ ಆಗೋಕೆ ಮೊದಲಿನ ಅರ್ಧದಷ್ಟು ಹೊತ್ತೇ ಸಾಕು.

ಅರ್ಧ ಆಗೋ ಆ ಟೈಮನ್ನ 2.1ರಿಂದ ಭಾಗಿಸಿದ್ರೆ ರಿಲ್ಯಾಕ್ಸೇಶನ್ ಟೈಮ್ ಸಿಗತ್ತೆ, ಅಂದ್ರೆ ಹಿಗ್ಗಿದ ಸರಪಳಿ ಮತ್ತೆ ಮುದುಡೋಕೆ ಬೇಕಾಗೋ ಅಂದಾಜು ಹೊತ್ತು. ಉದಾಹರಣೆಗೆ 20 ಫ್ರೇಮ್ ಅಂದ್ರೆ 83 ಮಿಲಿಸೆಕೆಂಡ್, ಭಾಗಿಸಿದ್ರೆ ಸುಮಾರು 40. ದಪ್ಪ ಎಷ್ಟು ಮಿಲಿಮೀಟರ್ ಅಂತ ಗೊತ್ತಿರ್ಲೇಬೇಕು ಅಂತಿಲ್ಲ, ಎಷ್ಟು ಪಾಲು ಇಳೀತು ಅಂತ ಗೊತ್ತಾದ್ರೆ ಸಾಕು, ನಂಗೆ ಇದ್ರಲ್ಲಿ ತುಂಬಾ ಇಷ್ಟ ಆಗೋದೇ ಇದು.

ಕೊನೇ ಫ್ರೇಮ್‌ಗಳನ್ನ ಬಿಡ್ಬೇಡಿ. ಕಡಿಯೋಕೆ ಮುಂಚೆ ಕೆಲವು ಸಲ ಎಳೆ ಉದ್ದಕ್ಕೂ ಪುಟ್ಟ ಪುಟ್ಟ ಹನಿಗಳು ಮಣಿಸರದ ಹಾಗೆ ಮೂಡ್ತವೆ. ಲೋಳೆಗೆ ಸ್ವಲ್ಪ ಸ್ವಲ್ಪ ನೀರು ಬೆರೆಸ್ತಾ ಮತ್ತೆ ಅಳೆದು ನೋಡಿ, ಆದ್ರೆ ಅವತ್ತೇ ಮುಗಿಸಿ, ಇಟ್ರೆ ಲೋಳೆ ಹಳಸತ್ತೆ.