ಲೋಲಕ ಹೊತ್ತು ಘಟ್ಟ ಇಳಿದೆ

ನಾನು ಮಾಡಿಸಿದ ಲೋಲಕ ಇಷ್ಟೇ: ಹಿತ್ತಾಳೆ ಪಟ್ಟಿ, ಕೆಳಗೆ ಹಿತ್ತಾಳೆ ಗುಂಡು, ಮೇಲೆ ತೂಗುಹಾಕಲು ಉಕ್ಕಿನ ಚೂಪು ಅಂಚು. ಲೇತ್ ಅಂಗಡಿಯವರು "ಇದೇನ್ ಸಾರ್, ದೇವಸ್ಥಾನದ ಗಂಟೆಗಾ?" ಅಂತ ಕೇಳಿದ್ದರು.

ಇದರ ಹುಚ್ಚು ಹತ್ತಿಸಿದ್ದು ಕ್ಯಾಪ್ಟನ್ ಬಸೇವಿ. 1865ರಿಂದ ಅವರು ಭಾರತದ ತ್ರಿಕೋನ ಸರ್ವೆಗಾಗಿ (ಬ್ರಿಟಿಷರ ಕಾಲದ ಭೂಮಾಪನ) ಲಂಡನ್ನಿನ ರಾಯಲ್ ಸೊಸೈಟಿಯ ಲೋಲಕಗಳನ್ನು ಊರೂರಿಗೆ ಹೊತ್ತು, ಅಲ್ಲಲ್ಲಿನ ಗುರುತ್ವ ಅಳೆಯಲು ತೂಗಿಸಿದರು. ಎಲ್ಲ ಕಡೆಯೂ ಅದೇ ಲೋಲಕ ಆದ್ದರಿಂದ ಉದ್ದ ಅಳೆಯುವ ತಲೆನೋವಿಲ್ಲ, ಗುರುತ್ವ ಜಾಸ್ತಿ ಇದ್ದಲ್ಲಿ ಬೇಗ ತೂಗುತ್ತದೆ, ಕಡಿಮೆ ಇದ್ದಲ್ಲಿ ನಿಧಾನ. 1871ರಲ್ಲಿ ಲಡಾಖಿನ ಮೋರೆ ಎಂಬ ಜಾಗದಲ್ಲಿ, ಈ ಕೆಲಸದಲ್ಲೇ ತೀರಿಕೊಂಡರು ಪಾಪ. ಅವರು ತೂಗಿಸಿದ ಜಾಗಗಳಲ್ಲಿ ಬೆಂಗಳೂರೂ ಇದೆ, ಮಂಗಳೂರೂ ಇದೆ. ಸರಿ, ನಾನೂ ನೋಡೋಣ ಅಂತ ಹೊರಟೆ.

ಅವರು ಗಡಿಯಾರದ ಲೋಲಕದ ಮುಂದೆ ತಮ್ಮ ಲೋಲಕ ತೂಗುಬಿಟ್ಟು, ಎರಡೂ ಒಟ್ಟಿಗೆ ನಡು ದಾಟುವ ಕ್ಷಣಕ್ಕೆ ದುರ್ಬೀನು ಹಿಡಿದು ಕಾಯುತ್ತಿದ್ದರು. ನಾನು ಗಡಿಯಾರದ ಬದಲು ಜಿಪಿಎಸ್‌ನಿಂದ ಸೆಕೆಂಡಿಗೊಮ್ಮೆ ಮಿನುಗುವ ಎಲ್‌ಇಡಿ ಇಟ್ಟೆ. ಕತ್ತಲೆ ಕೋಣೆ, ಗುಂಡಿನ ಮೇಲೆ ಸುಣ್ಣದ ಗೆರೆ. ಪ್ರತಿ ಮಿನುಗಿಗೂ ಗೆರೆ ಒಂಚೂರು ಹಿಂದೆ ಬೀಳುತ್ತಾ ಹೋಗಿ, 250 ಸೆಕೆಂಡಿಗೆ ಮತ್ತೆ ನಡುವಿಗೆ ಬಂತು, ಅಂದರೆ ಅಷ್ಟರಲ್ಲಿ ಲೋಲಕ 249 ಸಲ ನಡು ದಾಟಿದೆ. ಚಂದ ಏನು ಗೊತ್ತಾ, ಇದನ್ನು ಒಂದು ಸೆಕೆಂಡ್ ತಪ್ಪಾಗಿ ಬರೆದುಕೊಂಡರೂ ತೂಗಾಟದ ಕಾಲದ ಲೆಕ್ಕ ಕೆಡುವುದು ಲಕ್ಷದಲ್ಲಿ ಒಂದೂವರೆ ಭಾಗದಷ್ಟೇ.

ಅದು ಜನವರಿಯ ಬೆಂಗಳೂರು. ಏಪ್ರಿಲ್‌ನಲ್ಲಿ ಮಂಗಳೂರಿನ ಅಕ್ಕನ ಮನೆಗೆ ಲೋಲಕ ಹೊತ್ತುಕೊಂಡು ಹೋದೆ. 900 ಮೀಟರ್ ಕೆಳಗೆ ಇಳಿದರೆ ಗುರುತ್ವ ಜಾಸ್ತಿ, ಲೋಲಕ ಬೇಗ ತೂಗಿ ಪ್ರತಿ ಮಿನುಗಿಗೂ ಹಿಂದೆ ಬೀಳುವುದು ಕಡಿಮೆ, ಹಾಗಾಗಿ ಗೆರೆ ನಡುವಿಗೆ ಬರಲು ಹೆಚ್ಚು ಹೊತ್ತು, ಸುಮಾರು 256 ಸೆಕೆಂಡ್ ಬರಬೇಕು. ಬಂದದ್ದು 250! ಮೂರು ದಿನ ತೂಗಿಸಿದೆ, ಮತ್ತೆ 250. ಅಕ್ಕ "ನಿನ್ನ ಗಂಟೆ ಕೆಟ್ಟಿದೆ ಮಾರಾಯ" ಅಂದಳು.

ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು. ಬೆಂಗಳೂರಲ್ಲಿ ಕೋಣೆ 24 ಡಿಗ್ರಿ, ಅಲ್ಲಿ 34. ಹಿತ್ತಾಳೆ ಒಂದು ಡಿಗ್ರಿ ಬಿಸಿಯಾದರೆ ಹಿಗ್ಗಿ, ಲೋಲಕ ಉದ್ದವಾಗಿ ದಿನಕ್ಕೆ ಸುಮಾರು 0.8 ಸೆಕೆಂಡ್ ಹಿಂದೆ ಬೀಳುತ್ತದೆ. ಘಟ್ಟ ಇಳಿದು ಗಳಿಸಿದ್ದನ್ನೆಲ್ಲ ಸೆಖೆ ನುಂಗಿಬಿಟ್ಟಿತ್ತು! ಬಸೇವಿ ಥರ್ಮಾಮೀಟರ್ ಇಟ್ಟುಕೊಂಡು, ಗಾಳಿ ತೆಗೆದ ಪಾತ್ರೆಯೊಳಗೆ ತೂಗಿಸಿದ್ದು ಸುಮ್ನೆ ಅಲ್ಲ.

ಮರುವಾರ ನಮ್ಮ ಮಹಡಿಯ ತಗಡಿನ ಕೋಣೆ ಮಧ್ಯಾಹ್ನ 34 ಮುಟ್ಟುವವರೆಗೆ ಕಾದು, ಬೆವರು ಒರೆಸಿಕೊಳ್ಳುತ್ತಾ ಲೋಲಕ ಬಿಟ್ಟೆ. 244. ಅದೇ ಸೆಖೆಯಲ್ಲಿ ಮಂಗಳೂರಿನ 250ಕ್ಕಿಂತ ಆರು ಕಡಿಮೆ, ನಾನು ಹುಡುಕುತ್ತಿದ್ದ ಅದೇ ಆರು!