ರಕ್ತದೊತ್ತಡ ಸಂಶೋಧನೆಯಲ್ಲಿ ಪೋಸ್ಟ್‌ಡಾಕ್: ಸಿದ್ಧತೆ ಹೇಗೆ?

ಪೋಸ್ಟ್‌ಡಾಕ್ ಎಂದರೆ ಪಿಎಚ್‌.ಡಿ. ಮುಗಿದ ಮೇಲೆ ಹಿರಿಯ ಸಂಶೋಧಕರ ಬಳಿ ಕೆಲ ಕಾಲ ಮಾಡುವ ಸಂಶೋಧನಾ ಕೆಲಸ. ಪಿಎಚ್‌.ಡಿ. ಪ್ರಬಂಧ ಸಲ್ಲಿಸಲು ಒಂದು ವರ್ಷ ಇರುವಾಗಲೇ ಅದರ ಹುಡುಕಾಟ ಶುರು ಮಾಡಿ.

ಮೊದಲು ಪ್ರಶ್ನೆ ಗೊತ್ತುಮಾಡಿಕೊಳ್ಳಿ. ‘ಬಿಪಿ ಮೇಲೆ ಕೆಲಸ ಮಾಡುತ್ತೇನೆ’ ಎಂದರೆ ಸಾಲದು. ಮೂತ್ರಪಿಂಡವೇ, ರಕ್ತನಾಳದ ಗೋಡೆಯೇ, ಜನಸಮುದಾಯದ ಅಧ್ಯಯನವೇ? ಅಮೆರಿಕದ ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ಶರೀರಕ್ರಿಯಾ ವಿಜ್ಞಾನಿ ಆರ್ಥರ್ ಗೈಟನ್ ಬೆಳೆಸಿದ ಪರಂಪರೆ, ಮೂತ್ರಪಿಂಡ ಉಪ್ಪು–ನೀರನ್ನು ಹೊರಹಾಕುವ ಬಗೆಯಲ್ಲಿ ಏರೊತ್ತಡದ (ಅಧಿಕ ರಕ್ತದೊತ್ತಡದ) ಮೂಲವನ್ನು ಹುಡುಕಿತು. 1948ರಲ್ಲಿ ಆರಂಭವಾದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ಅಮೆರಿಕದ ಆ ಹೆಸರಿನ ಊರಿನ ಜನರ ಹೃದಯದ ಆರೋಗ್ಯವನ್ನು ತಲೆಮಾರುಗಳ ಉದ್ದಕ್ಕೂ ಗಮನಿಸುತ್ತ ಬಂದಿದೆ. ಕಾಯಿಲೆ ಒಂದೇ ಆದರೂ ದಿನದ ಕೆಲಸ ಅಜಗಜಾಂತರ.

ಪ್ರಾಣಿಗಳ ಮೇಲಿನ ಪ್ರಯೋಗ ಆರಿಸಿಕೊಂಡರೆ, ಆ ಪ್ರಯೋಗಾಲಯದಲ್ಲಿ ಒತ್ತಡವನ್ನು ಹೇಗೆ ಅಳೆಯುತ್ತಾರೆ ಎಂದು ಕೇಳಿ. ಬೇರೆಲ್ಲಕ್ಕಿಂತ ಇದಕ್ಕೇ ನಾನು ಹೆಚ್ಚು ತೂಕ ಕೊಡುತ್ತೇನೆ. ಇಲಿಯನ್ನು ಕಿರಿದಾದ ಕೊಳವೆಯಲ್ಲಿರಿಸಿ ಬಾಲಕ್ಕೆ ಪಟ್ಟಿ ಸುತ್ತಿ ಅಳೆಯುವುದು ಅಗ್ಗದ ವಿಧಾನ. ಆದರೆ ಆ ಕೊಳವೆಯೊಳಗೆ ಅಲುಗಾಡಲಾಗದೆ ಹೆದರಿದ ಇಲಿಯ ಒತ್ತಡ ಹೆದರಿಕೆಗೇ ಏರುತ್ತದೆ, ವೈದ್ಯರ ಬಿಳಿ ಕೋಟು ಕಂಡಾಗ ನಮ್ಮಲ್ಲಿ ಹಲವರಿಗೆ ಏರುವಂತೆ. ಆದ್ದರಿಂದ ಹಲವು ದಿನ, ಅದೇ ಹೊತ್ತಿಗೆ, ಅದೇ ಕೈಯಿಂದ ಅದನ್ನು ಕೊಳವೆಗೆ ಬಿಟ್ಟು ರೂಢಿ ಮಾಡಿಸಬೇಕು, ಬಾಲವನ್ನು ಬೆಚ್ಚಗಿಡಬೇಕು. ರೇಡಿಯೋ ಟೆಲಿಮೆಟ್ರಿಯಲ್ಲಿ, ಅಂದರೆ ದೇಹದೊಳಗಿಟ್ಟ ಸಾಧನ ತಂತಿಯಿಲ್ಲದೆ ಅಳತೆ ಕಳುಹಿಸುವ ವಿಧಾನದಲ್ಲಿ, ಅಪಧಮನಿಯೊಳಗೆ ಸಣ್ಣ ನಳಿಕೆ ಇರಿಸಿದ ಮೇಲೆ, ಪ್ರಾಣಿ ಪಂಜರದಲ್ಲಿ ತನ್ನ ಪಾಡಿಗೆ ಓಡಾಡುತ್ತಿದ್ದರೂ ಹಗಲು ರಾತ್ರಿ ಅಳತೆ ಬರುತ್ತಿರುತ್ತದೆ. ಈ ಶಸ್ತ್ರಕ್ರಿಯೆಯನ್ನು ಪಕ್ಕದಲ್ಲಿ ಕೂತು ಕಲಿಸುವವರು ಇರುವ ಕಡೆಗೇ ಹೋಗಿ. ಅಳತೆ ತಪ್ಪಿದರೆ ಅದರ ಮೇಲೆ ಕಟ್ಟಿದ್ದೆಲ್ಲವೂ ತಪ್ಪುತ್ತದೆ.

ಇನ್ನು ಪ್ರಯೋಗಾಲಯದ ಮುಖ್ಯಸ್ಥರಿಗೆ ಬರೆಯುವ ಪತ್ರ. ಚಿಕ್ಕದಾಗಿರಲಿ. ಅವರ ಯಾವ ಪ್ರಬಂಧದ ಯಾವ ಚಿತ್ರ ನಿಮ್ಮಲ್ಲಿ ಪ್ರಶ್ನೆ ಹುಟ್ಟಿಸಿತು, ನಿಮ್ಮ ಕೈಗೆ ಯಾವ ಕೆಲಸ ಬರುತ್ತದೆ ಎಂಬುದಷ್ಟೇ ಸಾಕು. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳುಹಿಸಬೇಡಿ.

ಕರೆ ಬಂದರೆ, ಆ ಪ್ರಯೋಗಾಲಯದಿಂದ ಹೊರಬಂದ ಇಬ್ಬರೊಡನೆಯಾದರೂ ಖಾಸಗಿಯಾಗಿ ಮಾತನಾಡಿ. ಈಗ ಅವರು ಎಲ್ಲಿದ್ದಾರೆ, ಹೊರಡುವಾಗ ತಮ್ಮ ಯೋಜನೆಯನ್ನು ಜೊತೆಗೆ ಒಯ್ಯಲು ಬಿಟ್ಟರೇ ಎಂದು ಕೇಳಲು ಸಂಕೋಚ ಬೇಡ.

ಹಣದ ವಿಚಾರದಲ್ಲಿ ನಮ್ಮವರು ಎಡವುವುದು ಇಲ್ಲಿ: ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಟಿ32 ತರಬೇತಿ ಅನುದಾನ ಮತ್ತು ಎಫ್32 ಫೆಲೋಶಿಪ್ ಅಲ್ಲಿನ ಪ್ರಜೆಗಳಿಗೆ, ಕಾಯಂ ನಿವಾಸಿಗಳಿಗೆ ಮಾತ್ರ. ವೀಸಾದಲ್ಲಿ ಹೋಗುವವರು ಮಾರ್ಗದರ್ಶಕರ ಸಂಶೋಧನಾ ಅನುದಾನದಿಂದ ಸಂಬಳ ಪಡೆಯಬಹುದು ಅಥವಾ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಪ್ರಯತ್ನಿಸಬಹುದು. ಭಾರತದಲ್ಲೇ ಉಳಿಯುವವರಿಗೆ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್, ಇಂಡಿಯಾ ಅಲಯನ್ಸ್‌ನ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಜೊತೆಗೂಡಿ ಕಟ್ಟಿದ ಸಂಸ್ಥೆ) ಫೆಲೋಶಿಪ್‌ಗಳಿವೆ. ನಿಯಮಗಳು ಬದಲಾಗುತ್ತಿರುತ್ತವೆ, ಹಿರಿಯರ ನೆನಪನ್ನು ನೆಚ್ಚದೆ ಆ ವರ್ಷದ ಪ್ರಕಟಣೆಯನ್ನೇ ಓದಿ, ಕೊನೆಯ ದಿನಾಂಕಕ್ಕೆ ತಿಂಗಳಿರುವಾಗಲೇ ಶಿಫಾರಸು ಪತ್ರಗಳನ್ನು ಕೇಳಿ.